ಕಾಣದ ಕೈಗಳ ಬಗ್ಗೆ ಒಂದು ಪುಟ

ಅಪ್ಪನಿಗೆ ಚಿತ್ರದಲ್ಲಿ ಕೈ ಬರೆಯಲು ಬರುತ್ತಿರಲಿಲ್ಲ. ಮನೆಯವರಿಗಷ್ಟೇ ಅಲ್ಲ, ಇಡೀ ಬೀದಿಗೇ ಗೊತ್ತಿದ್ದ ವಿಷಯ ಅದು. ಬದುಕಿಡೀ ಏಣಿ ಹತ್ತಿ ಅಂಗಡಿಗಳಿಗೆ ಬೋರ್ಡು ಬರೆದ ಮನುಷ್ಯ, ಮಂಡಿನೋವು ಶುರುವಾದ ಮೇಲೆ ಏಣಿ ಇಳಿದು, ಹಿಂದಿನ ಕೋಣೆಯಲ್ಲಿ ಕ್ಯಾನ್ವಾಸು ಹೂಡಿ, ನೆರೆಹೊರೆಯವರನ್ನು ಒಬ್ಬೊಬ್ಬರಾಗಿ ಕೂರಿಸಿ ಚಿತ್ರ ಬಿಡಿಸತೊಡಗಿದ್ದ. ಮುಖಗಳು ಈಗ ಮಾತಾಡುತ್ತವೆ, ಇನ್ನೊಂದು ಗಳಿಗೆಗೆ ಮಾತಾಡುತ್ತವೆ ಎನ್ನುವಂತಿರುತ್ತಿದ್ದವು. ಕೈಗೆ ಬಂದಾಗ ಮಾತ್ರ ಐದು ಬೆರಳೂ ತಮ್ಮತಮ್ಮಲ್ಲೇ ಜಗಳವಾಡಿಕೊಂಡು ದಿಕ್ಕಿಗೊಂದು ಹೊರಟುಬಿಡುತ್ತಿದ್ದವು. ಹಾಗಾಗಿ ಕ್ಷೌರಿಕನ ಕೈ ಟವೆಲಿನ ಕೆಳಗೆ, ಪೋಸ್ಟ್‌ಮನ್ನನ ಕೈ ಚೀಲದೊಳಗೆ, ಬೇಕರಿಯವನ ಕೈ ಹಿಟ್ಟಿನೊಳಗೆ. ಏನೂ ತೋಚದಿದ್ದರೆ ಬೆನ್ನ ಹಿಂದೆ.

"ನಿಮ್ಮಪ್ಪ ಚಿತ್ರ ಬರೆದ್ರೆ ಪೊಲೀಸರು ಹಿಡ್ಕೊಂಡು ಹೋದ ಹಾಗಿರುತ್ತೆ, ಎಲ್ಲರ ಕೈಯೂ ಹಿಂದೆ," ಎಂದು ಅಮ್ಮ ಹೊಲಿಗೆ ಮಿಷನ್ನಿನ ಸದ್ದಿಗಿಂತ ಜೋರಾಗಿ ಕೂಗಿ ಹೇಳುತ್ತಿದ್ದಳು.

ಮೊದಲ ಪ್ರದರ್ಶನಕ್ಕೆ ಗ್ಯಾಲರಿಯ ಮೇಡಂ "ಕಲಾವಿದರು ತಮ್ಮ ಕೆಲಸದ ಬಗ್ಗೆ ತಾವೇ ಬರೆದ ಒಂದು ಪುಟ" ಬೇಕೆಂದಾಗ ಅಪ್ಪ ಬೆವರಿದ. "ಬರೆದು ಗೋಡೆಗೆ ಹಾಕಿದ್ದೀನಲ್ಲ, ಇನ್ನೇನು ಬರೀಲಿ?" ಎಂದ. ಮಗಳು ಪತ್ರಿಕೆಯೊಂದರ ಪುರವಣಿಗೆ ಬರೆಯುವವಳು. ದಿನಕ್ಕೊಂದು ಪುಟ ತುಂಬಿಸುವುದು ಅವಳ ಹೊಟ್ಟೆಪಾಡು. ಒಂದೇ ಪಟ್ಟಿಗೆ ಕೂತು ಬರೆದುಕೊಟ್ಟಳು. ದುಡಿದ ಕೈಗಳನ್ನು ದಿಟ್ಟಿಸುವ ಹಕ್ಕು ನೋಡುಗನಿಗಿಲ್ಲ, ಆದ್ದರಿಂದ ನಾನು ಅವನ್ನು ಬೇಕೆಂದೇ ಮರೆಮಾಡುತ್ತೇನೆ, ಇತ್ಯಾದಿ. ಬರೆದು ಮುಗಿಸಿ ತಾನೇ ನಕ್ಕಿದ್ದಳು.

ಬೇರೆ ಯಾರೂ ನಗಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು. ವಿಮರ್ಶಕರೊಬ್ಬರು ಚಿತ್ರಗಳನ್ನು ಬಿಟ್ಟು ಆ ಸಾಲನ್ನೇ ಎತ್ತಿಕೊಂಡು ಮಾರುದ್ದ ಎಳೆದರು. ಅಪ್ಪ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿದ.

ಎರಡನೇ ಪ್ರದರ್ಶನ ಹತ್ತಿರ ಬಂದಾಗ, ಹೊಸ ಪುಟವೊಂದನ್ನು ಬರೆದುಕೊಡಲು ಮಗಳು ಮನೆಗೆ ಬಂದಳು. ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು.

"ಹೋಗಿ ನೋಡು, ನಿಮ್ಮಪ್ಪನ ಘನಕಾರ್ಯ."

"ಏನಾಯ್ತಮ್ಮ?"

"ಇಡೀ ಚಳಿಗಾಲ ನನ್ನ ಕೂರಿಸಿ ಬರೆದ್ರು ಕಣೆ. ಗಿರಾಕಿಗಳ ಬಟ್ಟೆಯೆಲ್ಲ ಹಾಗೇ ಬಿದ್ದಿದೆ. ಆದ್ರೂ ಕೈ ಬಂತು! ನನ್ನ ಕೈಯೇ. ಸೂಜಿ ಚುಚ್ಚಿ ದಡ್ಡುಗಟ್ಟಿದ ಬೆರಳಿನ ಸಮೇತ. ನೋಡಿ ನನಗೇ ಒಂಥರಾ ನಾಚಿಕೆ ಆಯ್ತು. ಇವತ್ತು ಬೆಳಿಗ್ಗೆ ಅದರ ಮೇಲೆ ಬಣ್ಣದಲ್ಲೇ ಶಾಲು ಹೊದಿಸಿ ಕೂತಿದ್ದಾರೆ."

ಹಿಂದಿನ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಮೂಗಿಗೆ ಅಡರಿತು. ಚಿತ್ರದಲ್ಲಿ ಅಮ್ಮ ಮಿಷನ್ನಿನ ಮುಂದೆ ಕೂತಿದ್ದಳು. ಮಡಿಲ ಮೇಲೊಂದು ಬೂದು ಶಾಲು, ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು.

"ಯಾಕಪ್ಪಾ ಮುಚ್ಚಿದೆ?"

"ಮತ್ತಿನ್ನೇನು ಮಾಡ್ಲಿ?" ಅಪ್ಪ ಜೇಬಿನಿಂದ ಹಾಳೆ ತೆಗೆದ. ಮಡಿಕೆಗಳು ಸವೆದು ಹರಿಯುವಂತಾಗಿದ್ದವು. "ಮೈಮರೆತು ನಿಮ್ಮಮ್ಮನ ಕೈ ಬರೆಯೋಕೆ ಹೋದೆ. ಬಂದೂಬಿಡ್ತು. ಆಮೇಲೆ ನೆನಪಾಯ್ತು, ಇದು ನೀನು ಬರೆದಿದ್ದಕ್ಕೆ ತದ್ವಿರುದ್ಧ ಅಲ್ವಾ?"

"ಅದು ಸುಮ್ನೆ ಬರೆದಿದ್ದಪ್ಪ."

"ಓದಿದವಳು, ಸುಮ್ನೆ ಯಾಕೆ ಬರೀತೀಯ? ಇಷ್ಟು ವರ್ಷ ನನಗೆ ಕೈ ಬರಲ್ಲ ಅಂತಲೇ ಅಂದ್ಕೊಂಡಿದ್ದೆ. ನೀನು ಬರೆದ ಮೇಲೆ ತಿಳೀತು, ಬೇಕಂತಲೇ ಬಿಡ್ತಿದ್ದೆ ಅಂತ. ಎಷ್ಟು ಹಗುರಾಯ್ತು ಗೊತ್ತಾ?"

ಮಗಳು ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪ ಹಗುರಾಗಿಯೇ ಇರುತ್ತಿದ್ದ; ಅಮ್ಮನ ಕೈ ಶಾಲಿನಡಿ ಒಣಗಿಹೋಗುತ್ತಿತ್ತು.

"ನಿನಗೆ ಬರ್ತಿರಲಿಲ್ಲಪ್ಪ. ಅದನ್ನ ಮುಚ್ಚೋಕೆ ನಾನು ಹೆಣೆದ ಮಾತು ಅದು."

ಅಪ್ಪ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿದ. "ಹಾಗಾದ್ರೆ ಅವರೆಲ್ಲ ಹೊಗಳಿದ್ದು ನಿನ್ನನ್ನ," ಎಂದ. ಚುಚ್ಚುಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬರೀ ಲೆಕ್ಕ ಸರಿ ಮಾಡಿಕೊಳ್ಳುತ್ತಿದ್ದ.

"ಶಾಲು ಒರೆಸಿದ್ರೆ ಹೋಗುತ್ತಾ?"

"ಹಸಿ ಇದೆ, ಹೋಗುತ್ತೆ. ಮೆಲ್ಲಗೆ ಒರೆಸಬೇಕು." ಅಪ್ಪ ಚಿಂದಿಬಟ್ಟೆ ಎತ್ತಿಕೊಂಡ.

"ಕೊಡಿಲ್ಲಿ, ನಾನು ಮಾಡ್ತೀನಿ," ಎಂದು ಮಗಳು ಕಿತ್ತುಕೊಂಡಳು. ತಪ್ಪು ಮಾಡಿದವರಿಗೆ ಅದನ್ನು ತಕ್ಷಣ ತೊಳೆದುಬಿಡುವ ಅವಸರ.

ಎಡಗೈ ಇಡಿಯಾಗಿ ಹೊರಬಂತು. ಅಮ್ಮ ಹೇಳಿದ ಹಾಗೇ ಇತ್ತು, ದಡ್ಡಿನ ಸಮೇತ. ಮಗಳಿಗೆ ಉಸಿರು ಬಂದಂತಾಯಿತು. ಇನ್ನಷ್ಟು ಟರ್ಪೆಂಟೈನ್ ಸುರಿದು ಬಲಗೈಯ ಕಡೆ ಜೋರಾಗಿ ಉಜ್ಜಿದಳು. ಶಾಲಿನ ಜೊತೆಗೆ ಬೆರಳುಗಳೂ ಬಟ್ಟೆಗೆ ಬಂದವು.

"ಅದು ನಿನ್ನೆಯಷ್ಟೇ ಮುಗಿಸಿದ್ದು," ಎಂದ ಅಪ್ಪ. "ಒಣಗಿರಲಿಲ್ಲ."

ಅಮ್ಮ ಬಾಗಿಲಿಗೆ ಬಂದು ನೋಡಿ ಹಿಂದಿರುಗಿದಳು. ಎಷ್ಟು ಹೊತ್ತಾದರೂ ಮಿಷನ್ನಿನ ಸದ್ದು ಕೇಳಲಿಲ್ಲ.

"ಮತ್ತೆ ಬರೀಬಹುದಲ್ಲಪ್ಪ?"

"ನೋಡೋಣ." ಅಪ್ಪನ ಬಾಯಲ್ಲಿ ಆ ಮಾತು ಬಂದರೆ ಇಲ್ಲ ಎಂದೇ ಅರ್ಥ.

ಪ್ರದರ್ಶನದ ದಿನ ಮೇಡಂ ಆ ಚಿತ್ರದ ಮುಂದೆಯೇ ನಿಂತುಬಿಟ್ಟರು. ಮಡಿಲಲ್ಲಿ ಒಂದು ಕೈ, ಇನ್ನೊಂದರ ಜಾಗದಲ್ಲಿ ಕಂದುಬಣ್ಣದ ಕಲೆ.

"ಈ ಕೈ ಯಾಕಿಲ್ಲ ಸರ್?"

ಅಪ್ಪ ಮಗಳ ಕಡೆ ತಪ್ಪಿಯೂ ನೋಡಲಿಲ್ಲ. "ಒರೆಸುವಾಗ ಹೋಯ್ತು," ಎಂದ.

ಮೇಡಂ ಕಣ್ಣು ಮುಚ್ಚಿದರು. "ಒರೆಸುವಾಗ ಹೋಯ್ತು! ಎಂಥ ಮಾತು!" ಮಗಳತ್ತ ತಿರುಗಿ ಪೆನ್ನು ಚಾಚಿದರು. "ನೀನು ಪತ್ರಿಕೆಗೆ ಬರೆಯುವವಳಲ್ವಾ, ಇದನ್ನೇ ಸ್ವಲ್ಪ ಬೆಳೆಸಿ ಒಂದು ಪುಟ ಮಾಡಿಕೊಡಮ್ಮ."

"ಅಷ್ಟೇ ಮೇಡಂ," ಎಂದಳು ಮಗಳು. "ಅವರು ಹೇಳಿದ್ದಷ್ಟೇ. ಬೆಳೆಸೋಕೇನಿಲ್ಲ."

ಪೆನ್ನು ಹಿಡಿದ ಮೇಡಂ ಕೈ ಹಾಗೇ ಇತ್ತು. ಆಗ ಮಗಳಿಗೆ ಗೊತ್ತಾಯಿತು, ತನ್ನ ಎರಡೂ ಕೈ ಬೆನ್ನ ಹಿಂದಿವೆ ಎಂದು. ಅಮ್ಮ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಪೊಲೀಸರ ಮಾತೆತ್ತಲಿಲ್ಲ.