ಸಾವಿರದ ಎಂಟರ ಸಿಳ್ಳೆ

ಹೊಳೆನರಸೀಪುರದಲ್ಲಿ ರಂಗಸ್ವಾಮಿ ರಿಪೇರಿ ಮಾಡದ ರೇಡಿಯೋ ಇಲ್ಲ, ಬೈಯದ ಗಿರಾಕಿಯೂ ಇಲ್ಲ. ನಲವತ್ತು ವರ್ಷ ಊರಿನ ರೇಡಿಯೋಗಳಿಗೆಲ್ಲ ಬಾಯಿ ಬರಿಸಿದ ಈ ಮನುಷ್ಯ ಮನೆಯಲ್ಲಿ ಮಾತ್ರ ಒಂದು ಬಾಯಿ ಮುಚ್ಚಿಸಿದ್ದರು. ಮದುವೆಯಾದ ವರ್ಷ ಹೆಂಡತಿ ಅನಸೂಯಮ್ಮನಿಗೆ ಸೋಬಾನೆ ಪದ ಹಾಡಲು ರೇಡಿಯೋ ಸ್ಟೇಷನ್ನಿನಿಂದ ಆಡಿಷನ್ ಕಾಗದ ಬಂದಿತ್ತು. "ಅಂಗಡಿ ಒಂದು ನೆಲೆಗೆ ಬರ್ಲಿ ತಡಿ, ಕರ್ಕೊಂಡೋಯ್ತೀನಿ" ಅಂದಿದ್ದರು. ಅಂಗಡಿ ನೆಲೆಗೆ ಬಂತು, ಆಮೇಲೆ ಮುಚ್ಚಿಯೂ ಆಯಿತು. ಕಾಗದ ಟ್ರಂಕಿನಲ್ಲೇ ಉಳಿಯಿತು.

ಅನಸೂಯಮ್ಮ ಅದನ್ನು ಎತ್ತಿ ಆಡಿದವರಲ್ಲ. ಬೈದಿದ್ದರೆ ರಂಗಸ್ವಾಮಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಮೊಮ್ಮಗಳು ಸಿಂಧು ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮೊದಲ ಸಲ ಹಾಡುವವಳಿದ್ದಳು, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅಜ್ಜಿಗೆ ಹಾಸನದಲ್ಲಿ ಮಂಡಿ ಆಪರೇಷನ್ ಆಗಿ ಹದಿನೈದೇ ದಿನ. ಬಸ್ಸು, ಕಾರು ಯಾವುದೂ ಕೂಡದೆಂದು ಡಾಕ್ಟರ ಕಟ್ಟಪ್ಪಣೆ.

"ಮೊಬೈಲಲ್ಲೇ ಬತ್ತದಂತೆ, ಇಲ್ಲೇ ಕೇಳುವಂತೆ" ಎಂದು ರಂಗಸ್ವಾಮಿ ಸಮಾಧಾನ ಹೇಳಿದರು.

"ಮೊಬೈಲಲ್ಲಿ ಕೋತಿನೂ ಬತ್ತದೆ, ಕುಣಿಯೋ ನಾಯಿನೂ ಬತ್ತದೆ. ರೇಡಿಯೋದಲ್ಲಿ ಬಂದ್ರೆ ನಮ್ ಮಗು ಆಡ್ತು ಅಂತೀನಿ" ಎಂದರು ಅನಸೂಯಮ್ಮ.

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ರಂಗಸ್ವಾಮಿ ಹಳೇ ಸಾಮಾನಿನ ಪೆಟ್ಟಿಗೆ ಕೆದಕಿ, ತಿಂಡಿ ಡಬ್ಬಿಯಷ್ಟು ದೊಡ್ಡದೊಂದು ಟ್ರಾನ್ಸ್‌ಮಿಟರ್ ಕಟ್ಟಿದರು. ಮೊಬೈಲಿನ ಹಾಡನ್ನು ಅದಕ್ಕೆ ಕೊಟ್ಟರೆ, ತಾರಸಿಯ ಮೇಲೆ ಎಳೆದ ತಂತಿಯಿಂದ ಮನೆಯ ರೇಡಿಯೋಗೆ ಬರಬೇಕು. ಶಕ್ತಿ ಬಹಳ ಕಡಿಮೆ. ಹೆಚ್ಚೆಂದರೆ ಪಕ್ಕದ ಮನೆಗೆ ಕೇಳಿಸೀತು. ರೇಡಿಯೋದ ಮುಳ್ಳನ್ನು ಸಾವಿರದ ಎಂಟು ಕಿಲೋಹರ್ಟ್ಸ್‌ಗೆ ನಿಲ್ಲಿಸಿ, ಕರ್ಪೂರ ಹಚ್ಚಿ, ಸ್ವಿಚ್ ಒತ್ತಿದರು.

ಕುಂಯ್ಯ್ ಎಂದು ಸಿಳ್ಳೆ ಹೊಡೆಯಿತು.

ಎಲ್‌ಇಡಿ ಬಲ್ಬಿನ ಮೇಲೆ ಅನುಮಾನಪಟ್ಟು ಬಿಚ್ಚಿದರು. ಚಾರ್ಜರ್ ಕಿತ್ತರು, ಫ್ರಿಜ್ ಆರಿಸಿದರು. ಕೊನೆಗೆ ಮೇನ್ ಸ್ವಿಚ್ಚನ್ನೇ ತೆಗೆದು ಬ್ಯಾಟರಿಯ ಮೇಲೆ ನಡೆಸಿದರು. ಮಿಕ್ಸಿಯಲ್ಲಿ ಅರ್ಧ ಅರೆದ ಚಟ್ನಿ ಅಲ್ಲೇ ನಿಂತಿತು, ಸಿಳ್ಳೆ ಮಾತ್ರ ನಿಲ್ಲಲಿಲ್ಲ. ಬೇಸತ್ತು ತಮ್ಮ ಡಬ್ಬಿಯನ್ನೇ ಆರಿಸಿದಾಗ ರೇಡಿಯೋದಲ್ಲಿ ನಿಚ್ಚಳವಾಗಿ ಹರಿಕಥೆ ಬಂತು. ಮಧ್ಯೆ ಯಾರೋ ಕೆಮ್ಮಿ, "ಅವ್ವಾ, ಕೇಳ್ತಾ?" ಅಂದರು.

ಪಕ್ಕದ ಮನೆಯ ನಂಜುಂಡೇಶ್! ಇವರ ಅಂಗಡಿಯಲ್ಲೇ ಕೆಲಸ ಕಲಿತವನು, ತಾಯಿ ಕಲ್ಲಮ್ಮನಿಗಾಗಿ ಅಂಥದೇ ಡಬ್ಬಿ ಕಟ್ಟಿದ್ದ. ಎರಡು ಡಬ್ಬಿಗಳು ಮುಳ್ಳಿನ ಒಂದೇ ಜಾಗದಲ್ಲಿ ಕೂದಲೆಳೆಯಷ್ಟು ಆಚೀಚೆ ನಿಂತರೆ ಆ ವ್ಯತ್ಯಾಸವೇ ಸಿಳ್ಳೆಯಾಗಿ ಕೇಳುತ್ತದೆ. ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ವರ್ಷದ ಹಿಂದೆ ಎರವಲು ಒಯ್ದ ಸೋಲ್ಡ್ರಿಂಗ್ ಐರನ್ನನ್ನು ಅವನು ವಾಪಸು ಕೊಟ್ಟಿರಲಿಲ್ಲ, ಅಂದಿನಿಂದ ಮಾತಿಲ್ಲ. ಹೆಂಗಸರು ಕಾಂಪೌಂಡಿನ ಮೇಲೆ ದಿನವೂ ಸಾರು ದಾಟಿಸುತ್ತಿದ್ದರು ಅನ್ನುವುದು ಬೇರೆ.

"ನಾವೇ ದೊಡ್ಡವರಾಗಾಣ" ಎಂದು ರಂಗಸ್ವಾಮಿ ಜಾಗ ಬದಲಿಸಲು ಹೊರಟರು. ಒಂಬೈನೂರ ತೊಂಬತ್ತೊಂಬತ್ತು ಚಪ್ಪಲಿ ಅಂಗಡಿಯ ಬೆಲೆ. ಮಗು ಅದರಲ್ಲಿ ಹಾಡುವುದೆ? ಸಾವಿರದ ನೂರ ಹದಿನಾರು ಪುರೋಹಿತರ ಸಂಭಾವನೆಯ ಸಂಖ್ಯೆ, ಅಲ್ಲಿಗೆ ಹೋದರು. ಸಿಳ್ಳೆ ಮೊದಲೇ ಅಲ್ಲಿ ಬಂದು ಕೂತಿತ್ತು. ಮರುದಿನ ಹಳೇ ಜಾಗಕ್ಕೆ ಮರಳಿದರೆ ಅಲ್ಲೂ ಹಾಜರು. ಕಿರುಗಲ್ಲಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಒಂದೇ ಕಡೆಗೆ ಸರಿದಂತಾಯಿತು. ಆಗದೆ ಇದ್ದೀತೆ? ಮೊದಲು ಸಾವಿರದ ಎಂಟು, ಒಗ್ಗದಿದ್ದರೆ ಸಾವಿರದ ನೂರ ಹದಿನಾರು, ಮಿಕ್ಕಿದ್ದೆಲ್ಲ ಅನಿಷ್ಟ ಎಂದು ನಂಜುಂಡೇಶನಿಗೆ ಕಲಿಸಿದ್ದೇ ಈ ಮಹಾನುಭಾವರು.

ಭಾನುವಾರ ಹತ್ತಕ್ಕೆ ಹತ್ತು ನಿಮಿಷ. ಅನಸೂಯಮ್ಮ ಹೊಸ ಸೀರೆಯುಟ್ಟು, ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ರೇಡಿಯೋದ ಮುಂದೆ ಕೂತಿದ್ದರು. ಸಿಳ್ಳೆ ಹೊಡೆಯುತ್ತಲೇ ಇತ್ತು. ಆಕೆ ಏನೂ ಅನ್ನಲಿಲ್ಲ. ಟ್ರಂಕಿಗೆ ಕಾಗದ ಹಾಕಿದ ದಿನವೂ ಅಂದಿರಲಿಲ್ಲ. ರಂಗಸ್ವಾಮಿ ಹೆಗಲ ಮೇಲಿನ ಟವೆಲ್ಲಿನ ಜೊತೆ ಮಾನವನ್ನೂ ಗೂಟಕ್ಕೆ ಹಾಕಿ ಹೊರಗೆ ನಡೆದರು.

ಗೇಟಿನಲ್ಲಿ ನಂಜುಂಡೇಶ್ ನಿಂತಿದ್ದ. ಕೈಯಲ್ಲಿ ಸೋಲ್ಡ್ರಿಂಗ್ ಐರನ್.

"ತಕಳಣ್ಣ. ನಿಂದೇ ಇದು" ಎಂದ. "ನಿನ್ ಡಬ್ಬಿ ಒಂದ್ಗಂಟೆ ಆಫ್ ಮಾಡು, ಕೈ ಮುಗಿತೀನಿ. ನಮ್ಮವ್ವ ಪಾಣ ತಿಂತಾವ್ಳೆ."

"ನಾನೇ ನಿಂಗೆ ಅದ್ನೇಳಕೆ ಬಂದೆ ಕಣ್ಲಾ! ಅದೇನ್ಲಾ ಅಂತಾ ಅರಿಕತೆ ನಿಮ್ಮವ್ವಂಗೆ?"

"ಅರಿಕತೆ ಅಲ್ಲಣ್ಣ, ಅದು ಟೆಸ್ಟಿಂಗ್‌ಗೆ ಆಕಿದ್ದು. ಸಿಂಧು ಆಡ್ತಾಳಂತಲ್ಲ, ಅದ್ನ ರೇಡಿಯೋದಲ್ಲೇ ಆಕ್ಬೇಕಂತೆ."

ರಂಗಸ್ವಾಮಿ ಅವನ ಮುಖವನ್ನೇ ನೋಡಿದರು. ಒಂದೇ ಮಗುವಿನ ಹಾಡನ್ನು ಕೇಳಿಸಲು ಇಬ್ಬರೂ ಮೂರು ದಿನದಿಂದ ಒಬ್ಬರ ಬಾಯಿಗೊಬ್ಬರು ಬಟ್ಟೆ ತುರುಕುತ್ತಿದ್ದರು.

"ಲೋ ನಂಜುಂಡ, ಒಂದ್ ಡಬ್ಬಿ ಎರಡು ಮನೆಗೂ ಸಾಕಲ್ಲೋ!"

"ಔದಲ್ಲಣ್ಣೋ" ಎಂದು ನಂಜುಂಡೇಶ್ ಓಡಿದ. ಅರ್ಧ ನಿಮಿಷದಲ್ಲಿ ಸಿಳ್ಳೆ ಸತ್ತಿತು.

ಸಿಂಧು ಮುಕ್ಕಾಲು ಗಂಟೆ ಹಾಡಿದಳು. ಎರಡು ಮನೆಯಲ್ಲೂ ಒಲೆ ಹಚ್ಚಲಿಲ್ಲ. ಚಪ್ಪಾಳೆ ಮುಗಿದ ಮೇಲೆ ಅನಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು.

"ಈ ಡಬ್ಬಿಯ ಆವಾಗ್ಲೇ ಮಾಡಕಾಗ್ತಿರ್ನಿಲ್ವಾ?"

ರಂಗಸ್ವಾಮಿ ಆಕೆಯ ಪಕ್ಕ ಕೂತರು. "ತಪ್ಪಾಯ್ತು ಕಣೆ" ಎಂದರು.

"ಇಷ್ಟನ್ನಕೆ ನಲವತ್ಮೂರು ವರ್ಸ ಬೇಕಾಯ್ತಾ? ಓಗ್ಲಿ ಬುಡಿ. ಮೈಕ್ ಐತಾ?"

ಇತ್ತು. ರಂಗಸ್ವಾಮಿ ಮೊಬೈಲಿನ ವೈರು ಕಿತ್ತು ಮೈಕಿನದು ಸಿಕ್ಕಿಸಿದರು. ಅದರ ಸದ್ದು ಮೈಕಿಗೆ ಮರಳಿ ಊಳಿಡಬಾರದೆಂದು ತಮ್ಮ ರೇಡಿಯೋ ಆರಿಸಿದರು. ಅನಸೂಯಮ್ಮ ಗಂಟಲು ಸರಿಮಾಡಿಕೊಂಡು ಸೋಬಾನೆ ಎತ್ತಿದರು. ಮೊದಲು ಸ್ವಲ್ಪ ಒಡೆಯಿತು, ಎರಡನೇ ಸಾಲಿಗೆ ಕೂಡಿಕೊಂಡಿತು. ಆಚೆ ಮನೆಯ ಕಿಟಕಿಯಿಂದ ಅದೇ ದನಿ, ರೇಡಿಯೋದ ದನಿಯಾಗಿ, ತಿರುಗಿ ಬಂತು. ಆಕೆ ಕೇಳಿಸಿಕೊಳ್ಳುತ್ತಾ ಹಾಡಿದರು, ಹಾಡುತ್ತಾ ಅತ್ತರು.

ಪದ ಮುಗಿಯುತ್ತಲೇ ಗೋಡೆಯಾಚೆಯಿಂದ ಕಲ್ಲಮ್ಮ ಕೂಗಿದರು: "ಅನ್ಸೂಯಾ, ಬಿರ್ರನೆ ರೇಡಿಯೋ ಆಕವ್ವ! ಯಾರೋ ನಿನ್ನಂಗೇ ಆಡ್ತಾವ್ರೆ!"

"ನಾನೇ ಕಣಕ್ಕಾ" ಎಂದರು ಅನಸೂಯಮ್ಮ, ಮೈಕ್ ಹಿಡಿದುಕೊಂಡೇ. ಅದೂ ರೇಡಿಯೋದಲ್ಲಿ ಬಂತು.