ಹಬ್ಬದ ಹಿಂದಿನ ದಿನ

"ಆರೋಗದ್ರೊಳಗೆ ಮುರ್ಕೊ ಮಗ," ಎಂದು ಪಟ್ಟಲಮ್ಮ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಸಾರು ಮುದ್ದೆಯನ್ನು ಸುತ್ತಿಕೊಂಡು ತಟ್ಟೆಯ ಅಂಚಿನವರೆಗೂ ಹೋಯಿತು. ಅದರಲ್ಲಿ ಕೋಳಿಯ ತೊಡೆಯ ತುಂಡಿತ್ತು. ಪಕ್ಕದಲ್ಲಿ ಇನ್ನೂ ಚಿಪ್ಪು ಕಟ್ಟಿರದ ಎರಡು ಹಳದಿ ಮೊಟ್ಟೆಗಳಿದ್ದವು.

ಸಿಸ್ಟರ್ ಜುವಿಟಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದಳು. ಆ ಮೊಟ್ಟೆಗಳನ್ನು ನೋಡಿದ ಮೇಲೆ ಅದು ಯಾವ ಕೋಳಿ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಪ್ರತಿ ಬುಧವಾರ ಅವಳು ಬಿ.ಪಿ. ನೋಡಲು ಬಂದಾಗ ಚಪ್ಪಲಿಯ ಪಟ್ಟಿ ಕುಕ್ಕುತ್ತಿದ್ದ ಕಂದು ಬಣ್ಣದ ಹ್ಯಾಟೆ ಅದು. ಮೊನ್ನೆ ಮೊನ್ನೆ ಮೊಟ್ಟೆಗೆ ಬಂದಿತ್ತು. ಅದನ್ನು ಮುಚ್ಚಿಡುತ್ತಿದ್ದ ಮಂಕರಿ ಈಗ ಗೋಡೆಗೆ ಒರಗಿಕೊಂಡಿತ್ತು.

ಹೊರಗೆ ಜಗುಲಿಯಲ್ಲಿ ಪಕ್ಕದ ಮನೆಯ ಮುದ್ದಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. "ಏನ್ ಪಟ್ಟಲಮ್ಮ, ಮಗ್ಳು ತವ್ರಿಗ್ ಬಂದಂಗದೆ! ಬೀದಿಗೆಲ್ಲ ವಾಸ್ನೆ!" ಎಂದು ಅಲ್ಲಿಂದಲೇ ಕೂಗಿದಳು.

"ಊ ಕಣೆ, ನನ್ ಮಗ್ಳೇ. ಅಬ್ಬದಲ್ಲಿ ಅವ್ವನ್ ತಾವ್ಕೆ ಓಗಕ್ ಬುಡಾಕಿಲ್ವಂತೆ ಆ ಸಿಸ್ಟ್ರುಗಳು. ನಾನಾರ ಒಂದ್ ತುತ್ತು ಇಕ್ಕದ್ ಬ್ಯಾಡ್ವಾ? ನಿಂಗ್ಯಾಕ್ ಒಟ್ಟೆ ಉರಿ, ಅವರೆಕಾಯಿ ಸುಲ್ಕೊ."

ಮುದ್ದಮ್ಮ ನಕ್ಕಳು. ಪಟ್ಟಲಮ್ಮ ಜುವಿಟಾಳ ಕಡೆ ತಿರುಗಿದಳು. "ಯಾಕವ್ವ, ಮೂಳೆ ಕಡ್ಯಕ್ ಬಾಯ್ನಾಗ್ ಅಲ್ಲಿಲ್ವ ನಿಂಗೆ? ನಂಗಿಲ್ದಿದ್ರೆ ಸರಿ."

ಹೋದ ಬುಧವಾರ ಬಿ.ಪಿ. ನೋಡಿ ತೋಳಿನ ಪಟ್ಟಿ ಬಿಚ್ಚುತ್ತ ಜುವಿಟಾಳೇ ಬಾಯಿಬಿಟ್ಟಿದ್ದಳು. ಅವಳ ಊರು ಬೆಳ್ತಂಗಡಿಯಿಂದಾಚೆ. ವ್ರತ ತೆಗೆದುಕೊಂಡ ಮೇಲೆ ಜೂನ್‌ನಲ್ಲಿ ಹಲಗೂರಿನ ಈ ಪುಟ್ಟ ಕಾನ್ವೆಂಟಿಗೆ ಕಳಿಸಿದ್ದರು. ಮಂಗಳೂರಿನಲ್ಲಿ ತರಬೇತಿಯ ವರ್ಷಗಳಲ್ಲಿ ಕ್ರಿಸ್‌ಮಸ್ ಮಧ್ಯಾಹ್ನ ಅಮ್ಮ ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗುತ್ತಿದ್ದಳು. ಈ ಸಲ ಅದೂ ಇಲ್ಲ. ಪಟ್ಟಲಮ್ಮ ಆಗ ಅವಳ ಮೊಣಕೈ ಹಿಡಿದುಕೊಂಡಿದ್ದಳು, ಅಷ್ಟೆ.

ಈಗ ಹೇಳಲೇಬೇಕಿತ್ತು.

"ಅಜ್ಜಿ, ಇವತ್ತು ಆಗುವುದಿಲ್ಲ," ಎಂದಳು ಜುವಿಟಾ. "ಇವತ್ತು ನಮಗೆ ಉಪವಾಸ."

"ನಾಳಿಕೆ ಅಬ್ಬ ಅಂದ್ಯಲ್ಲವ್ವ?"

"ಹಬ್ಬ ನಾಳೆಯೇ. ಹಿಂದಿನ ದಿನ ಮಾಂಸ ಮುಟ್ಟುವಂತಿಲ್ಲ. ರಾತ್ರಿ ಪೂಜೆ ಮುಗಿಯುವವರೆಗೆ ಊಟವೇ ಇಲ್ಲ."

"ಅಂಗಾರೆ ಸಾರು ಬುಡು. ಬರೀ ಮುದ್ದೆ ಎಲ್ಡ್ ತುತ್ತು, ಮಜ್ಗೇಲಿ..."

"ಬೇಡ ಅಜ್ಜಿ. ದಯವಿಟ್ಟು."

ಜಗುಲಿಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು.

ಪಟ್ಟಲಮ್ಮನ ಮೊಮ್ಮಗಳು ಶಾಲಿನಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಭಾರತೀನಗರದ ಕಾಲೇಜಿನಲ್ಲಿ ಓದುವ ಹುಡುಗಿ. ಗೋಡೆಯ ಮೇಲೆ ಅಂಬೇಡ್ಕರ್ ಪಟದ ಪಕ್ಕಕ್ಕೆ ಬುದ್ಧನ ಪಟ ತಂದು ಹಾಕಿದವಳೂ ಅವಳೇ. ಅವಳು ತಟ್ಟೆಯನ್ನು ನೋಡಲಿಲ್ಲ. ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ್ದ ಜುವಿಟಾಳ ನೀರಿನ ಬಾಟಲಿಯನ್ನು ನೋಡಿದಳು.

"ನಮ್ಮನೇಲಿ ಉಣ್ಣೋಕಾಗ್ದೋರ್ಗೆಲ್ಲ ಆವತ್ತೇ ಏನಾದ್ರೂ ಒಂದು ವ್ರತ ಇರುತ್ತೆ, ಸಿಸ್ಟರ್," ಎಂದಳು. ದನಿ ಏರಿಸಿರಲಿಲ್ಲ. "ಆರು ತಿಂಗಳಿಂದ ನೋಡ್ತಾ ಇದೀನಿ. ನಮ್ಮ ಮನೆ ನೀರೂ ನೀವು ಕುಡಿದಿಲ್ಲ. ಇಷ್ಟು ದಿನ ಅಜ್ಜಿಗೆ ನಾನು ಹೇಳಿರಲಿಲ್ಲ."

ಜುವಿಟಾಳ ಮುಖಕ್ಕೆ ರಕ್ತ ನುಗ್ಗಿತು. ಹಲಗೂರಿಗೆ ಬಂದ ವಾರವೇ ಅವಳಿಗೆ ಕಾಮಾಲೆಯಾಗಿತ್ತು. ಕಾಯಿಸಿದ ನೀರು ಬಿಟ್ಟು ಬೇರೇನೂ ಕುಡಿಯಬೇಡಿ ಎಂದು ಮಂಡ್ಯದ ಡಾಕ್ಟರು ಹೇಳಿದ್ದರು. ಅದು ನಿಜ. ಆದರೆ ಈಗ, ಉಪವಾಸದ ಮಾತಿನ ಬೆನ್ನಿಗೇ, ಅದೂ ಇನ್ನೊಂದು ನೆಪದ ಹಾಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಯಿತು.

"ಸುಮ್ಕಿರು ಕೂಸೆ," ಎಂದಳು ಪಟ್ಟಲಮ್ಮ. "ಅವ್ರ ದ್ಯಾವ್ರು, ಅವ್ರ ನೇಮ. ನಾವ್ ಕೇಳ್ದೆ ಮಾಡಿದ್ ತಪ್ಪು." ಅವಳು ಮೊಣಕಾಲು ಹಿಡಿದು ಎದ್ದು ತಟ್ಟೆ ಎತ್ತಿಕೊಂಡಳು. ಒಲೆಯ ಬಳಿ ಹೋಗಿ ಸಾರನ್ನು ಪಾತ್ರೆಗೆ ಬಗ್ಗಿಸಿದಳು. ತೊಡೆಯ ತುಂಡು ಮೊದಲು ಬಿತ್ತು, ಆಮೇಲೆ ಮೊಟ್ಟೆಗಳು.

ಜುವಿಟಾ ಬಿ.ಪಿ. ನೋಡದೆಯೇ ಹೊರಟಳು. ಪಟ್ಟಿ ತೆಗೆಯಲು ಕೈ ಬರಲಿಲ್ಲ.

ಸಂಜೆ ಕಾನ್ವೆಂಟಿನ ವರಾಂಡದಲ್ಲಿ ಹಿರಿಯ ಸಿಸ್ಟರ್ ಎಮರೆನ್ಸಿಯಾ ಬಾಲ ಯೇಸುವಿನ ಗೋದಲಿಗೆ ಭತ್ತದ ಹುಲ್ಲು ಹೊದಿಸುತ್ತಿದ್ದರು. ಜುವಿಟಾ ಕುರಿಮರಿಗಳ ಗೊಂಬೆಗಳನ್ನು ಒರೆಸಿ ಒಂದೊಂದಾಗಿ ಕೊಡುತ್ತ ನಡೆದದ್ದನ್ನೆಲ್ಲ ಹೇಳಿದಳು. ಎಮರೆನ್ಸಿಯಾ ಹುಲ್ಲು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ತಿನ್ನಬಹುದಿತ್ತಲ್ಲ ಮಗಳೇ."

"ನಿಯಮ ಉಂಟಲ್ಲ, ಸಿಸ್ಟರ್?"

"ನಿಯಮ ನಮಗೆ. ಆ ಮುದುಕಿಗೆ ಅಲ್ಲ. ಎರಡು ತುತ್ತು ತಿಂದು ಬಂದು ನನಗೆ ಹೇಳಿದ್ದರೆ ನಾನೇನು ನಿನ್ನನ್ನು ಊರಿಗೆ ಅಟ್ಟುತ್ತಿದ್ದೆನಾ?" ಅವರು ಇನ್ನೊಂದು ಕುರಿಮರಿಗೆ ಕೈ ಚಾಚಿದರು. "ಒಂದು ಫೋನ್ ಮಾಡಿ ಕೇಳುವುದಲ್ವಾ?"

ಕೇಳಬೇಕೆಂದು ಹೊಳೆದಿರಲಿಲ್ಲ. ಹೊಳೆಯದಿದ್ದುದು ನಿಯಮದ ಭಯದಿಂದಲೂ ಅಲ್ಲ. ಹೋದ ಭಾನುವಾರ ಫೋನಿನಲ್ಲಿ ಅಮ್ಮ ಹೇಳಿದ್ದಳು: ಇಪ್ಪತ್ತನಾಲ್ಕಕ್ಕೆ ಇಲ್ಲಿ ನಾವೂ ಹಸಿದಿರ್ತೇವೆ, ಅಲ್ಲಿ ನೀನೂ ಹಸಿದಿರು, ಆಗ ಒಂದೇ ಮನೆಯಲ್ಲಿ ಇದ್ದ ಹಾಗೆ ಆಗ್ತದೆ. ಬೆಳಿಗ್ಗೆಯಿಂದ ಜುವಿಟಾ ಆ ಹಸಿವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಪಟ್ಟಲಮ್ಮನ ತಟ್ಟೆಯ ಮುಂದೆ ಕೂತಾಗಲೂ ಅವಳ ಮನಸ್ಸಿನಲ್ಲಿದ್ದುದು ಬೆಳ್ತಂಗಡಿಯ ಅಡುಗೆಮನೆ. ಎದುರಿಗಿದ್ದ ಅಡುಗೆಮನೆಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಹಬ್ಬದ ಬೆಳಿಗ್ಗೆ ಅಮ್ಮನ ಫೋನು ಬಂತು. ಹಿಂದೆ ಯಾರೋ ನಗುತ್ತಿದ್ದರು, ಪಾತ್ರೆಗಳ ಸದ್ದಿತ್ತು.

"ಕುಸ್ವಾರಿನ ತಿಂಡಿ ಡಬ್ಬ ತಲುಪಿತಾ? ನೆವ್ರಿ ಪುಡಿಯಾಗಿದೆಯಾ?"

"ಇಲ್ಲ ಅಮ್ಮ, ಎಲ್ಲ ಚೆನ್ನಾಗಿ ಉಂಟು."

"ನಿನ್ನೆ ಉಪವಾಸ ಮಾಡಿದಿಯಾ?"

"ಮಾಡಿದೆ."

"ನೋಡು, ಎಲ್ಲ ಒಟ್ಟಿಗೇ ಇದ್ದ ಹಾಗೆ ಆಯ್ತು." ಅಮ್ಮ ಪಾತ್ರೆಗಳ ಸದ್ದಿನಿಂದ ಆಚೆಗೆ ಬಂದಳು. "ಅಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರಾದರೂ ಉಂಟಾ ಮಗಾ?"

"ಒಬ್ಬರು ಅಜ್ಜಿ ಇದ್ದಾರೆ," ಎಂದಳು ಜುವಿಟಾ.

ಮಧ್ಯಾಹ್ನ ಎಮರೆನ್ಸಿಯಾರನ್ನು ಕೇಳಿಕೊಂಡು ಅವಳು ಹೊರಟಳು. ಕೈಚೀಲದಲ್ಲಿ ಅಮ್ಮ ಬಸ್ಸಿಗೆ ಹಾಕಿ ಕಳಿಸಿದ್ದ ಹಬ್ಬದ ತಿಂಡಿಗಳ ಡಬ್ಬವಿತ್ತು. ನೀರಿನ ಬಾಟಲಿಯನ್ನು ತುಂಬಿ, ಮತ್ತೆ ಯೋಚಿಸಿ, ಮೇಜಿನ ಮೇಲೆಯೇ ಬಿಟ್ಟಳು. ಆಟೋ ಹತ್ತಲಿಲ್ಲ. ಬಿಸಿಲಿತ್ತು. ದಾರಿಯುದ್ದಕ್ಕೂ ರಾಗಿ ಕಟಾವಾಗಿ ಹೊಲಗಳು ಬರಿದಾಗಿದ್ದವು. ಊರು ಮುಟ್ಟುವ ಹೊತ್ತಿಗೆ ನಾಲಿಗೆ ಒಣಗಿತ್ತು. ಅದು ಅವಳಿಗೆ ಬೇಕಾಗಿತ್ತು. ಹೇಳಬೇಕಾದ ಮಾತನ್ನು ನಡೆಯುತ್ತ ಹತ್ತಾರು ಸಲ ಹೇಳಿಕೊಂಡಿದ್ದಳು: ಅಜ್ಜಿ, ಬಾಯಾರಿದೆ, ಕುಡಿಯೋಕೆ ನೀರು ಕೊಡಿ.

ಜಗುಲಿಯಲ್ಲಿ ಕೂತಿದ್ದ ಮುದ್ದಮ್ಮ ಅವಳನ್ನು ಕಂಡು ಎದ್ದು ನಿಂತಳು. ಹಿಂದೆಂದೂ ಎದ್ದಿರಲಿಲ್ಲ.

"ಬನ್ನಿ ಸಿಸ್ಟ್ರಮ್ಮೋರೇ, ಬನ್ನಿ," ಎಂದು ಪಟ್ಟಲಮ್ಮ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿದಳು. ಜುವಿಟಾ ಯಾವಾಗಲೂ ಕೂರುತ್ತಿದ್ದ ಚಾಪೆ ಸುತ್ತಿಟ್ಟು ಮೂಲೆಯಲ್ಲಿತ್ತು.

"ನಾನು ಕೆಳಗೇ ಕೂರುತ್ತೇನೆ ಅಜ್ಜಿ."

"ಉಂಟೆ? ಬಟ್ಟೆ ಮಣ್ಣಾಯ್ತದೆ. ಮ್ಯಾಲೆ ಕುಂತ್ಕಳಿ."

ಅವಳು ಕುಳಿತಳು. ಡಬ್ಬವನ್ನು ಎರಡೂ ಕೈಯಲ್ಲಿ ಚಾಚಿದಳು. "ನಮ್ಮಮ್ಮ ಮಾಡಿದ್ದು. ನಿಮಗೆ." ಪಟ್ಟಲಮ್ಮ ಕೈ ನೀಡಲಿಲ್ಲ. ಸೊಂಟದಿಂದ ಸೆರಗು ಬಿಚ್ಚಿ, ಎರಡು ತುದಿ ಹಿಡಿದು, ಬಗ್ಗಿ ಒಡ್ಡಿದಳು. ಹೊಲದ ಯಜಮಾನರ ಮನೆಯ ಮುಂದೆ ಒಡ್ಡಿ ಒಡ್ಡಿ ರೂಢಿಯಾದ ಹಾಗಿತ್ತು ಅದು. ಡಬ್ಬ ಸೆರಗಿಗೆ ಇಳಿಯುವವರೆಗೂ ಜುವಿಟಾಗೆ ಅದನ್ನು ತಡೆಯುವುದು ಹೇಗೆಂದು ತಿಳಿಯಲಿಲ್ಲ.

"ಅಜ್ಜಿ, ಇವತ್ತು ನನಗೆ ಉಪವಾಸ ಇಲ್ಲ. ನಿನ್ನೆಯ ಸಾರು ಉಳಿದಿದ್ದರೆ ತಿಂದು ಹೋಗೋಣ ಅಂತ ಬಂದೆ."

"ಎಲ್ ಉಳೀತದೆ ತಾಯಿ. ಬೀದಿ ಐಕ್ಳಿಗೆಲ್ಲ ಇಕ್ಬುಟ್ಟೆ." ಪಟ್ಟಲಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಕಿದರೂ ಸಿಗುತ್ತಿರಲಿಲ್ಲ. "ಅದ್ಯಾಕ್ ಮನಸ್ನಾಗ್ ಮಡಿಕಂಡಿದೀರಿ? ಬುಡಿ ಅತ್ಲಾಗೆ."

"ನಂಗೆ ಇಲ್ಲಿಗೆ ಬಂದ ವಾರವೇ ಕಾಮಾಲೆಯಾಗಿತ್ತು ಅಜ್ಜಿ. ಅದಕ್ಕೇ ಆ ಬಾಟಲಿ..."

"ಅಯ್ಯೋ ಪಾಪ. ಈಗ ವಾಸಿಯಾಗದಾ?"

"ಆಗಿದೆ." ಜುವಿಟಾ ಕುರ್ಚಿಯ ಅಂಚಿಗೆ ಸರಿದಳು. "ಅಜ್ಜಿ, ಬಾಯಾರಿದೆ. ಕುಡಿಯೋಕೆ ನೀರು ಕೊಡಿ."

ಪಟ್ಟಲಮ್ಮ ಗಡಿಬಿಡಿಯಾದಳು. ಒಳಗೆ ಹೋಗಿ ಶಾಲಿನಿಯ ಕಿವಿಯಲ್ಲಿ ಏನೋ ಅಂದಳು. ಶಾಲಿನಿ ಹೊರಗೆ ಬಂದು, ಕುರ್ಚಿಯ ಮುಂದೆ ಒಂದು ಗಳಿಗೆ ನಿಂತು ಜುವಿಟಾಳ ಬರಿಗೈಗಳನ್ನು ನೋಡಿದಳು. ಏನೋ ಹೇಳುವವಳಂತೆ ಅಜ್ಜಿಯ ಕಡೆ ತಿರುಗಿದಳು.

"ಓಗು ಬಿರ್ನೆ," ಎಂದಳು ಪಟ್ಟಲಮ್ಮ.

ಶಾಲಿನಿ ಬೀದಿಗಿಳಿದಳು.

ಕಾಯುತ್ತ ಕೂತಾಗ ಜುವಿಟಾಗೆ ಹಳೆಯದೊಂದು ದಿನ ನೆನಪಾಯಿತು. ಅವಳು ಬಂದ ಹೊಸದರಲ್ಲಿ ಈ ಬೀದಿಗೆ ಓಟು ಕೇಳುವವರ ಕಾರು ಬಂದಿತ್ತು. ಪಟ್ಟಲಮ್ಮ ಅಂಗಡಿಯಿಂದ ನೀರಿನ ಬಾಟಲಿಗಳನ್ನು ತರಿಸಿ ಜಗುಲಿಯ ಮೇಲೆ ಸಾಲಾಗಿ ಇಟ್ಟಿದ್ದಳು. ಅವರು ಹೋದ ಮೇಲೆ, "ನಮ್ ಕೊಡದ್ ನೀರ್ ಕುಡುದ್ರೆ ಅವ್ರ್ ಓಟು ಕರ್ಗೋಯ್ತವೆ ಕಣವ್ವ," ಎಂದು ಜುವಿಟಾಳ ತೊಡೆ ತಟ್ಟಿ ನಕ್ಕಿದ್ದಳು. ಅವಳೂ ಜೊತೆಗೆ ನಕ್ಕಿದ್ದಳು. ಆವತ್ತೂ ಅವಳ ಬಾಟಲಿ ಮಗ್ಗುಲಲ್ಲೇ ಇತ್ತು.

ಶಾಲಿನಿ ಅಂಗಡಿಯಿಂದ ತಂದ ನೀರಿನ ಬಾಟಲಿಯನ್ನು ಪಟ್ಟಲಮ್ಮ ಈಸಿಕೊಂಡು, ತಟ್ಟೆಯಲ್ಲಿ ಬಿಸ್ಕತ್ತಿನ ಪೊಟ್ಟಣದ ಜೊತೆಗಿಟ್ಟು, ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇರಿಸಿ ಹಿಂದೆ ಸರಿದು ನಿಂತಳು.

"ಸೀಲು ಒಡ್ದಿಲ್ಲ, ನೋಡ್ಕಳಿ. ತಣ್ಣಗದೆ. ಕುಡೀರಿ."

ಬಾಗಿಲ ಮಗ್ಗುಲಿಗೆ ಕಟ್ಟೆಯ ಮೇಲೆ ನೀರಿನ ಕೊಡವಿತ್ತು. ಅದರ ಬಾಯಿಗೆ ಚೊಂಬು ಬೋರಲು ಹಾಕಿತ್ತು. ಬೆಳಿಗ್ಗೆ ತಿಕ್ಕಿದ ಹುಣಿಸೆಹಣ್ಣಿನ ಗೆರೆ ಇನ್ನೂ ಅದರ ಮೇಲಿತ್ತು. ಕೂತಲ್ಲಿಂದ ಕೈ ಚಾಚಿದರೆ ಸಿಗುವಷ್ಟೇ ದೂರ.

ಪಟ್ಟಲಮ್ಮ ಕಾಯುತ್ತಿದ್ದಳು. ಜುವಿಟಾ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದಳು. ಸೀಲಿನ ಉಂಗುರ ಟಕಟಕನೆ ಬಿಟ್ಟುಕೊಂಡಿತು. ಆ ಸದ್ದಿಗೆ ಮುದುಕಿಯ ಮುಖ ನಿರಾಳವಾಯಿತು.