ಮರಿಗಳ ಕಾಲಂ

ಮುಸುವ ಕೋತಿಗಳಲ್ಲಿ ಐದನೆಯ ಹೆಣ್ಣು ನೀರಿಗೆ ಇಳಿದಾಗ ಫಕೀರೇಶ ಮಾಸ್ತರರು ನಾಲ್ಕು ಗೀಟುಗಳ ಮೇಲೆ ಅಡ್ಡಗೀಟು ಎಳೆದು ಒಂದು ಕಟ್ಟನ್ನು ಮುಗಿಸಿದರು. ಅರಣ್ಯ ಇಲಾಖೆಯ ಹಾಳೆಯಲ್ಲಿ ಗಂಡು, ಹೆಣ್ಣು, ಮರಿ ಎಂದು ಮೂರು ಕಾಲಂಗಳಿದ್ದವು. ಬೆಳಗಿನ ಆರರಿಂದ ಸಂಜೆಯ ಆರರವರೆಗೆ ಇಬ್ಬಿಬ್ಬರು ಒಂದೊಂದು ನೀರಿನ ಹೊಂಡದ ಮುಂದೆ ಅಟ್ಟಣಿಗೆಯ ಮೇಲೆ ಕುಳಿತು ಕಂಡ ಪ್ರಾಣಿಗಳನ್ನು ಎಣಿಸಬೇಕು. ನಡುವೆ ಕೆಳಗಿಳಿಯಬಾರದು, ಗಟ್ಟಿಯಾಗಿ ಮಾತಾಡಬಾರದು. ಅಣಶಿ ರಾಷ್ಟ್ರೀಯ ಉದ್ಯಾನದ ಈ ಹೊಂಡ ಮಾಸ್ತರರ ಮತ್ತು ಅವರ ಹೆಂಡತಿ ದ್ರಾಕ್ಷಾಯಿಣಿಯ ಪಾಲಿಗೆ ಬಂದಿತ್ತು.

ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಇಬ್ಬರೂ ಹೀಗೆ ಊರು ಬಿಟ್ಟು ಡೇರೆಯಲ್ಲಿ ಮಲಗಿದ್ದು ಇದೇ ಮೊದಲು. ಸ್ವಯಂಸೇವಕರು ಬೇಕೆಂಬ ಪ್ರಕಟಣೆಯನ್ನು ಪತ್ರಿಕೆಯಿಂದ ಕತ್ತರಿಸಿ ಮೇಜಿನ ಮೇಲೆ ಇಟ್ಟವಳು ಅವಳು. ಮಾಸ್ತರರು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಕಲಿಸುತ್ತಿದ್ದವರು. ಎಣಿಕೆಯ ಕೆಲಸವೆಂದು ಒಪ್ಪಿದರು. ಕೆಳಗಿಳಿಯಬಾರದೆಂಬ ನಿಯಮ ಓದಿಯೇ ಅವಳು ಆ ಕಾಗದವನ್ನು ಕತ್ತರಿಸಿದ್ದಳು. ಊರಲ್ಲಿ, ಸಪ್ತಾಪುರದ ಮನೆಯಲ್ಲಿ ಅವಳು ಒಂದು ಮಾತು ತೆಗೆದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು. ಆ ಮಾತು, ಹದಿನೇಳು ವರ್ಷಗಳ ಹಿಂದೆ ಒಂಬತ್ತು ದಿನ ಬದುಕಿದ್ದ ಅವರ ಕೂಸಿನದು.

ಬೆಳಿಗ್ಗೆ ಡೇರೆಯಿಂದ ಇಲ್ಲಿಗೆ ಕರೆತಂದ ಅರಣ್ಯ ರಕ್ಷಕ ಹಜರತಅಲಿ, "ಮಾಸ್ತರ್ರ, ಹುಲಿ ಬಂದ್ರ ಹೆಸರು ಕೂಗಿ ಹಾಜರಿ ತಗೋಬ್ಯಾಡ್ರಿ ಮತ್ತ," ಎಂದಿದ್ದ.

"ಬಂದ್ರ ಅದ ನಮ್ಮ ಹಾಜರಿ ತಗೋತೈತಿ ಬಿಡ್ರಿ ಅಣ್ಣಾರ," ಎಂದಿದ್ದಳು ದ್ರಾಕ್ಷಾಯಿಣಿ. ಮಾಸ್ತರರು ನಕ್ಕಿರಲಿಲ್ಲ. ಗಡಿಯಾರ ನೋಡಿ ಹಾಳೆಯ ತಲೆಯ ಮೇಲೆ ಸಮಯ ಬರೆದಿದ್ದರು.

ನಾಲ್ಕು ಗಂಟೆಗೆ ಆರನೆಯ ಹೆಣ್ಣು ಬಂದಿತು. ಹಿಂಡಿನಿಂದ ದೂರವಾಗಿ, ಮೂರೇ ಕಾಲೂರಿ ನಡೆಯುತ್ತಿತ್ತು. ಒಂದು ಕೈಯಲ್ಲಿ ಏನನ್ನೋ ಎದೆಗೆ ಒತ್ತಿಕೊಂಡಿತ್ತು. ಮಾಸ್ತರರು ದುರ್ಬೀನು ಎತ್ತಿದರು. ಮರಿ. ಸತ್ತು ನಾಲ್ಕೈದು ದಿನವಾಗಿರಬೇಕು. ಒಣಗಿದ ಬಾಲ ನೆಲದ ಮೇಲೆ ಎಳೆಯುತ್ತಿತ್ತು. ತಾಯಿ ಅದನ್ನು ಕಲ್ಲಿನ ಮೇಲೆ ಮಲಗಿಸಿ, ನೊಣ ಓಡಿಸಿ, ನೀರು ಕುಡಿದು ಮತ್ತೆ ಎತ್ತಿಕೊಂಡಿತು.

ಮಾಸ್ತರರು ಹೆಣ್ಣಿನ ಕಾಲಂನಲ್ಲಿ ಒಂದು ಗೀಟು ಎಳೆದರು. ಮರಿಗಳ ಕಾಲಂನಲ್ಲಿ ಮೂರು ಗೀಟುಗಳಿದ್ದವು. ಪೆನ್ಸಿಲು ಅತ್ತ ಹೋಗಲಿಲ್ಲ.

"ಸತ್ತದ್ದು ಎಣಿಕ್ಯಾಗ ಬರೂದಿಲ್ಲ," ಎಂದರು, ಅವಳು ಏನೂ ಕೇಳದಿದ್ದರೂ.

"ಖರೇ. ಇಲ್ಲಿ ಜೀವಂತ ಇದ್ದದ್ದನ್ನ ಅಷ್ಟ ಕೇಳ್ಯಾರ," ಎಂದಳು ಅವಳು ಮೆಲ್ಲಗೆ. "ಫೆಬ್ರುವರ್ಯಾಗ ಏನು ಕೇಳಿದ್ರು?"

ಮೂರು ತಿಂಗಳ ಹಿಂದೆ, ಎರಡು ಸಾವಿರದ ಒಂದರ ಫೆಬ್ರುವರಿಯಲ್ಲಿ, ಜನಗಣತಿ ನಡೆದಿತ್ತು. ಗಣತಿದಾರರಾಗಿದ್ದ ಮಾಸ್ತರರಿಗೆ ತಮ್ಮ ಓಣಿಯೇ ಬಂದುದರಿಂದ ತಮ್ಮ ಮನೆಯ ಹಾಳೆಯನ್ನೂ ತಾವೇ ತುಂಬಿದ್ದರು. ಮದುವೆಯಾದ ಹೆಂಗಸರಿಗೆ ಎರಡು ಪ್ರಶ್ನೆಗಳಿದ್ದವು: ಈಗ ಬದುಕಿರುವ ಮಕ್ಕಳೆಷ್ಟು, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು. ಎದುರು ಮನೆಯ ಹುಲಿಗೆವ್ವನ ಕಟ್ಟೆಯ ಮೇಲೆ ಕುಳಿತು, "ಹೋದದ್ದನ್ನೂ ಹೇಳಬೇಕವ್ವಾ, ಮುಚ್ಚಿಡಬಾರ್ದು," ಎಂದು ಮೂರು ಸಲ ಕೇಳಿ ಅವರು ಬರೆದುಕೊಂಡದ್ದನ್ನು ದ್ರಾಕ್ಷಾಯಿಣಿ ಕಿಟಕಿಯಿಂದ ಕೇಳಿಸಿಕೊಂಡಿದ್ದಳು. ವಾರದ ಬಳಿಕ ಮೇಜು ಒರೆಸುವಾಗ ತನ್ನ ಹೆಸರಿನ ಮುಂದಿನ ಅಂಕಿಗಳು ಕಣ್ಣಿಗೆ ಬಿದ್ದವು. ಎರಡೂ ಕಡೆ ಸೊನ್ನೆ. ದುಂಡಗೆ, ಅಚ್ಚುಕಟ್ಟಾಗಿ ಬರೆದ ಸೊನ್ನೆ.

"ನೀ ನೋಡಿದೇನು?" ಎಂದರು ಮಾಸ್ತರರು.

"ನೋಡಿ ಮೂರು ತಿಂಗಳಾತು. ನೀವ ಹೇಳ್ತೀರಿ ಅಂತ ಕಾಯ್ದೆ."

ಮಾಸ್ತರರು ಏಣಿಯ ಕಡೆಗೆ ನೋಡಿದರು. ಆರಕ್ಕೆ ಇನ್ನೂ ಎರಡು ತಾಸು ಇತ್ತು.

"ಹೆಸರು ಇಟ್ಟಿರಲಿಲ್ಲ," ಎಂದರು ಕೊನೆಗೆ. "ಹದಿಮೂರನೇ ದಿನಕ್ಕ ತೊಟ್ಟಿಲಕ್ಕ ಹಾಕೂದಿತ್ತು. ಅದಕ್ಕೂ ಮೊದಲ ಹೋತು. ಹೆಸರಿಲ್ಲದ್ದನ್ನ ಏನಂತ ಬರೀಲಿ?"

"ಹೆಸರು ಯಾರು ಕೇಳಿದ್ರು? ಎಷ್ಟು ಅಂತ ಅಷ್ಟ ಕೇಳಿದ್ರು."

"ಎರಡು ಕಡೆ ಬ್ಯಾರೆ ಬ್ಯಾರೆ ಅಂಕಿ ಬಂದ್ರ ತಪಾಸಣಿ ಮಾಡಾವ್ರು ಕೇಳ್ತಾರ. ನಮ್ಮ ಹೆಡ್ ಮಾಸ್ತರನಽ ತಪಾಸಣಿಗೆ ಇದ್ದ. ಸಾಲ್ಯಾಗ ನಾಕು ಮಂದಿ ಮುಂದ ನಾ ಏನು ಹೇಳಲಿ?"

"ಹುಲಿಗೆವ್ವ ಐದು ಹಡದಾಳ, ಮೂರು ಉಳದಾವ. ಆಕಿ ಹಾಳೀನೂ ಅದ ಹೆಡ್ ಮಾಸ್ತರ ನೋಡಿದ್ನಲ್ಲ. ಆಕಿ ನಾಕು ಮಂದಿಗೆ ಅಂಜಲಿಲ್ಲ."

ಹೊಂಡದಲ್ಲಿ ನೀರು ಕದಡಿತು. ಒಂದು ಕಾಡುಹಂದಿ ಬಂದು ಹೋಯಿತು. ಮಾಸ್ತರರು ಅದನ್ನು ಗುರುತು ಹಾಕಿಕೊಳ್ಳುವವರೆಗೆ ಅವಳು ತಡೆದಳು.

"ನಿಮ್ಮ ಅವ್ವ ಸಾಯೂ ಮಟಾ ನನ್ನ ಬಂಜಿ ಅಂದ್ಲು. ಆಕಿಗೆ ಶಿಟ್ಟು ಇತ್ತು, ಅಂದ್ಲು. ನಿಮಗೇನಿತ್ತು? ನಾ ಹಡದಽ ಇಲ್ಲ ಅಂತ ಸರಕಾರದಾಗ ಬರದು ಇಟ್ಟೀರಲ್ಲ."

ದ್ರಾಕ್ಷಾಯಿಣಿ ಗಂಡನ ತೊಡೆಯ ಮೇಲಿದ್ದ ಹಾಳೆಯನ್ನು ಎತ್ತಿ, ಮಗುಚಿ, ಖಾಲಿಯಾದ ಬೆನ್ನನ್ನು ಮೇಲೆ ಮಾಡಿ ಇಟ್ಟಳು.

"ಇಲ್ಲಿ ಬರೀರಿ. ಹುಟ್ಟಿದ್ದು ಎಷ್ಟು, ಉಳದದ್ದು ಎಷ್ಟು. ಎರಡ ಅಂಕಿ. ಮುಂದ ನಾ ಏನೂ ಕೇಳೂದಿಲ್ಲ."

ಮಾಸ್ತರರು ಪೆನ್ಸಿಲಿನ ಮೊನೆಯನ್ನು ನೋಡಿದರು. ಅದು ಮೊಂಡಾಗಿರಲಿಲ್ಲ.

"ಇದು ಇಲಾಖೆ ಹಾಳಿ," ಎಂದರು. "ಇದರ ಮ್ಯಾಲ ಮನಿ ಸುದ್ದಿ ಬರೀಲಿಕ್ಕೆ ಬರೂದಿಲ್ಲ."

ಅವಳು ಹಾಳೆಯನ್ನು ಮೊದಲಿನಂತೆ ಮಗುಚಿ ಇಟ್ಟಳು. ಅನಂತರ ಎರಡು ಕಡವೆ ಬಂದವು, ಒಂದು ನವಿಲು ಬಂದಿತು. ಅವರೊಬ್ಬರೇ ಎಣಿಸಿದರು.

ಆರು ಗಂಟೆಗೆ ಹಜರತಅಲಿ ಬಂದು ಏಣಿಯ ಕೆಳಗೆ ನಿಂತ. ಮಾಸ್ತರರು ಇಳಿದು ಮೊತ್ತ ಹಾಕಿ, ಮತ್ತೊಮ್ಮೆ ಕೂಡಿ ನೋಡಿ, ಸಹಿ ಮಾಡಿ ಕೊಟ್ಟರು.

"ಎಷ್ಟು ನೀಟ ಬರದೀರಿ ಮಾಸ್ತರ್ರ. ಅಕ್ಕಾರ, ನಿಮ್ಮದೊಂದು ಸಹಿ ಆಗಲಿ."

"ನಂದು ಬ್ಯಾಡ್ರಿ ಅಣ್ಣಾರ."

"ಹಂಗಂದ್ರ ಹೆಂಗ್ರಿ? ಕೂತ ಇಬ್ಬರದೂ ಬೇಕು. ಒಂದ ಸಹಿ ಇದ್ರ ಸಾಹೇಬ್ರು ಈ ಹೊಂಡದ ಹಾಳಿ ಬದಿಗಿ ಇಡ್ತಾರ."

"ಇಡ್ಲಿ," ಎಂದಳು ದ್ರಾಕ್ಷಾಯಿಣಿ. "ಹಾಳ್ಯಾಗ ತಪ್ಪೇನಿಲ್ಲ. ಆದ್ರ ಇವರ ಕೂಡ ಕೂತು ನಾನೂ ಎಣಿಸೇನಿ ಅಂತ ನಾ ಬರದು ಕೊಡೂದಿಲ್ಲ."

ಹಜರತಅಲಿ ಮಾಸ್ತರರ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಹಾಳೆಯನ್ನು ಮಾಸ್ತರರ ಕೈಗೇ ಮರಳಿಸಿ, ದಾರಿ ತೋರಿಸುತ್ತ ಮುಂದೆ ನಡೆದ.

ಮರುದಿನ ದಾಂಡೇಲಿಯಿಂದ ಹೊರಟ ಧಾರವಾಡದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಹಳಿಯಾಳದಲ್ಲಿ ಬಸ್ಸು ನಿಂತಾಗ ಮಾಸ್ತರರು ಕಿಸೆಯಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ, ಮೊಣಕಾಲ ಮೇಲೆ ಇಟ್ಟುಕೊಂಡರು. ಪೆನ್ಸಿಲು ಹುಡುಕಿ ಮರಿಗಳ ಕಾಲಂನಲ್ಲಿ, ಮೂರು ಗೀಟುಗಳ ಪಕ್ಕದಲ್ಲಿ, ನಾಲ್ಕನೆಯದನ್ನು ಎಳೆದರು. ಗೀಟು ಸೊಟ್ಟಗಾಯಿತು. ಹಾಳೆಯನ್ನು ಅವಳ ಕಡೆಗೆ ಸರಿಸಿದರು.

ದ್ರಾಕ್ಷಾಯಿಣಿ ಅದನ್ನು ಬಹಳ ಹೊತ್ತು ನೋಡಿದಳು.

"ಅದು ಮುಸ್ಯಾನ ಕಾಲಂ ರೀ," ಎಂದು ಕಿಟಕಿಯ ಕಡೆಗೆ ತಿರುಗಿದಳು.

ಬಸ್ಸು ಹೊರಟಿತು. ಮಾಸ್ತರರು ಹಾಳೆಯನ್ನು ಮಡಚಲಿಲ್ಲ. ಕಿಟಕಿಯ ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು. ಅವರು ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕುಳಿತರು.